ತಂಬಾಕಿನ ದಂಟಿನ ಹೊಗೆ

ಆ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹಿತ್ತಲುಗಳಲ್ಲಿ ನಾನು ಇಡಿಸಿದ್ದ ಜೇನುಪೆಟ್ಟಿಗೆಗಳು ಹದಿನಾಲ್ಕು. ಹುಳು ಉಳಿದದ್ದು ಒಂಬತ್ತರಲ್ಲಿ ಮಾತ್ರ. ಖಾಲಿಯಾದ ಐದರಲ್ಲಿ ಒಂದನ್ನು ಮೂಡಲಗಿಯ ಮನೆಯೊಂದರಲ್ಲಿ ಬೆಳ್ಳುಳ್ಳಿ ತುಂಬಿಡಲು ಇಟ್ಟುಕೊಂಡಿದ್ದರು. "ಗಾಳಿ ಚಲೋ ಆಡತೈತ್ರಿ ಮಾಸ್ತರ, ಒಂದೂ ಕೊಳತಿಲ್ಲ" ಎಂದು ಯಜಮಾನರು ನನ್ನ ಪೆಟ್ಟಿಗೆಯನ್ನು ಹೊಗಳಿದರು. ನಗಬೇಕೋ ಅಳಬೇಕೋ ತಿಳಿಯದೆ ಸೈಕಲ್ಲು ಹತ್ತಿದೆ.

ಎರಡನೆಯ ಮಹಾಯುದ್ಧದ ಕಾಲ ಅದು, ಜನರ ಬಾಯಲ್ಲಿ ಲಡಾಯಿ. ಗೋಕಾಕದ ಒಂದು ಗ್ರಾಮೋದ್ಯೋಗ ಸಂಘದವರು ನನ್ನನ್ನು ಜೇನು ಸಾಕಣೆಯ ತರಬೇತಿಗೆ ಕಳಿಸಿ, ಬಂದ ಮೇಲೆ ಊರೂರು ತಿರುಗಿ ಜನರಿಗೆ ಕಲಿಸು ಎಂದು ಹಚ್ಚಿದ್ದರು. ಅಲ್ಲಿಯವರೆಗೆ ನಮ್ಮ ಕಡೆ ಜೇನು ಎಂದರೆ ಗುಡ್ಡದಲ್ಲಿ ಬೆಂಕಿ ಹಚ್ಚಿ ಹುಳು ಓಡಿಸಿ, ಮೇಣದ ಎರಿಯನ್ನು ಮರಿಗಳ ಸಮೇತ ಹಿಂಡಿ ತಂದ ಕಪ್ಪು ರಸ. ಅದನ್ನು ಎಷ್ಟೋ ಲಿಂಗವಂತರ ಮನೆಗಳಲ್ಲಿ ಮುಟ್ಟುತ್ತಿರಲಿಲ್ಲ, ಜೀವ ಹಿಂಡಿದ್ದು ಎನ್ನುತ್ತಿದ್ದರು. ಪೆಟ್ಟಿಗೆಯಲ್ಲಿ ಹಾಗಲ್ಲ. ಕೆಳಗಿನ ಕೋಣೆಯಲ್ಲಿ ಮರಿಗಳ ಎರಿ, ಮೇಲಿನ ಕೋಣೆಯಲ್ಲಿ ಜೇನಿನ ಎರಿ. ಮೇಲಿನದನ್ನಷ್ಟೇ ತೆಗೆದು ಯಂತ್ರದಲ್ಲಿಟ್ಟು ತಿರುಗಿಸಿದರೆ ಜೇನು ಸಿಡಿದು ಕೆಳಗಿಳಿಯುತ್ತದೆ, ಎರಿ ಹಾಗೇ ಉಳಿಯುತ್ತದೆ. ಹೋದ ಊರಲ್ಲೆಲ್ಲ ನಾನು ಮೊದಲು ಹೇಳುತ್ತಿದ್ದ ಮಾತು ಒಂದೇ: "ಒಂದ ಹುಳಾನೂ ಸಾಯೂದಿಲ್ರಿ." ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು ಎಂದು ಈಗ ನೆನಪಾಗುತ್ತದೆ. ಜನ ನನ್ನನ್ನು ಜೇನ ಮಾಸ್ತರ ಎಂದು ಕರೆಯಲು ಶುರುಮಾಡಿದ್ದರು. ಅದೂ ನನಗೆ ಹಿಡಿಸಿತ್ತು.

ಉಳಿದ ಒಂಬತ್ತರಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿದ್ದ ಜೇನುಕುಟುಂಬ ಕಣಗಲಾ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ತಂಬಾಕು, ಜೋಳ ಬೆಳೆಯುವ ಒಕ್ಕಲುತನದ ಮನೆ. ಮನೆಯ ಕಾರುಬಾರು ಅತ್ತೆಯದು. ಗಂಡ ತೀರಿಕೊಂಡ ಮೇಲೆ ಹೊಲ, ದನ, ಆಳುಕಾಳುಗಳನ್ನೆಲ್ಲ ಒಬ್ಬರೇ ತೂಗಿಸಿಕೊಂಡು ಬಂದವರು. ಅವರ ಮಾತಿಗೆ ಊರಲ್ಲಿ ತೂಕವಿತ್ತು. ಒಬ್ಬನೇ ಮಗ, ಮದುವೆಯಾಗಿ ಎರಡು ವರ್ಷ. ಸೊಸೆ ಗೋಕಾಕ ತಾಲೂಕಿನ ಅಂಕಲಗಿಯವಳು. ಇನ್ನೂ ಮಕ್ಕಳಾಗಿರಲಿಲ್ಲ.

ಆ ಹುಳುಗಳನ್ನು ಮಾಘದಲ್ಲಿ ದಡ್ಡಿಯ ಕಡೆಯ ಗುಡ್ಡದಿಂದ ತಂದಿದ್ದೆ. ಒಂದು ಮರದ ಪೊಟರೆಯ ಬಾಯನ್ನು ಉಳಿಯಿಂದ ಅಗಲ ಮಾಡಿ, ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿ ಇದ್ದವನ್ನು ಮರದ ಚೌಕಟ್ಟಿಗೆ ಬಾಳೆಯ ನಾರಿನಿಂದ ಕಟ್ಟಿ ಪೆಟ್ಟಿಗೆಯಲ್ಲಿ ತೂಗಿಬಿಟ್ಟೆ. ರಾಣಿ ಹುಳು ಸಿಕ್ಕಿದ್ದು ಮಧ್ಯಾಹ್ನ ತಿರುಗಿದ ಮೇಲೆ. ಅದನ್ನು ಎರಡು ಬೆರಳಲ್ಲಿ ಹಗುರವಾಗಿ ಎತ್ತಿ ಒಳಗೆ ಬಿಟ್ಟದ್ದೇ ತಡ, ಮಿಕ್ಕವು ತಾವಾಗಿ ಸಾಲು ಹಿಡಿದು ಒಳಗೆ ನಡೆದವು. ಸಂಜೆಗೆ ಬಾಗಿಲಿಗೆ ಜಾಳಿಗೆಯ ಬಟ್ಟೆ ಕಟ್ಟಿ, ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಇಟ್ಟುಕೊಂಡು ಬಂದೆವು. ಇರುವೆ ಹತ್ತದಂತೆ ಪೆಟ್ಟಿಗೆಯ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಳಿಸಿ, ಹಿತ್ತಲ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ.

ಮೊದಲೆರಡು ದಿನ ಸೊಸೆ ಬಾಗಿಲಾಚೆಯಿಂದ ನೋಡುತ್ತಿದ್ದಳು. ಮೂರನೆಯ ದಿನ ಅತ್ತೆಯನ್ನು ಕೇಳಿ ಹಿತ್ತಲಿಗೆ ಬಂದು, ನನ್ನಿಂದ ನಾಲ್ಕು ಮಾರು ದೂರ ನಿಂತು, "ಕಾಲಿಗೆ ಅರಿಷಿಣ ಹಚ್ಚಿಕೊಂಡ ಬರತಾವಲ್ರಿ ಮಾಸ್ತರ, ಅದೇನ್ರಿ?" ಎಂದಳು. ಅದು ಹೂವಿನ ಪುಡಿ, ಮರಿಗಳ ಊಟ ಎಂದು ಹೇಳಿಕೊಟ್ಟೆ. ವಾರ ಬಿಟ್ಟು ನಾನು ಮತ್ತೆ ಹೋದಾಗ, ಬೆಳಿಗ್ಗೆ ಬರುವ ಪುಡಿಯ ಬಣ್ಣ ಬೇರೆ, ಮಧ್ಯಾಹ್ನದ್ದು ಬೇರೆ ಎಂದು ಅವಳೇ ನನಗೆ ಹೇಳಿದಳು. ಇದನ್ನು ನಾನು ತರಬೇತಿಯಲ್ಲಿ ಕೇಳಿರಲಿಲ್ಲ, ಕಣ್ಣಿನಿಂದ ನೋಡಿಯೂ ಇರಲಿಲ್ಲ. "ಹೌದು ಹೌದು" ಎಂದು ಮೊದಲೇ ಗೊತ್ತಿದ್ದವನ ಹಾಗೆ ತಲೆ ಆಡಿಸಿದೆ.

ಬೇವು ಹೂ ಬಿಟ್ಟಿತು, ಆಮೇಲೆ ಹುಣಸೆ. ವೈಶಾಖದಲ್ಲಿ ಎರಡು ಸೇರಿನಷ್ಟು ಜೇನು ತೆಗೆದೆವು. ಅತ್ತೆ ಮೊದಲ ಬಟ್ಟಲನ್ನು ಲಿಂಗಪೂಜೆಗೆ ಎತ್ತಿಟ್ಟು, ನನಗೂ ಒಂದು ಚಮಚ ಕೊಟ್ಟು, "ಒಂದೂ ಜೀವ ಸಾಯದ ಬಂದದ್ದು" ಎಂದು ನೆರೆಹೊರೆಗೆಲ್ಲ ಹೇಳಿಕೊಂಡು ಬಂದರು.

ಮಳೆ ಹಿಡಿಯಿತು. ಜೇನು ಸಾಕುವವರಿಗೆ ನಮ್ಮ ಕಡೆ ಕಷ್ಟದ ದಿನಗಳು ಬೇಸಿಗೆಯವಲ್ಲ, ಮಳೆಗಾಲದವು. ಹೂವಿಲ್ಲ, ಇದ್ದರೂ ಹಾರಲು ಬಿಸಿಲಿಲ್ಲ. ಸಕ್ಕರೆ ಪಾಕ ಮಾಡಿ ಉಣಿಸಬೇಕು. ಸಕ್ಕರೆಗೆ ಕಂಟ್ರೋಲು ಬಂದಿತ್ತು, ಕಾರ್ಡಿಗೆ ಸಿಗುವುದು ಮನೆಯ ಚಹಾಕ್ಕೇ ಸಾಲದು. ಬೆಲ್ಲದ ನೀರು ಹಾಕಿ ಎಂದು ನಾನು ಎಲ್ಲೆಡೆ ಹೇಳಿದೆ. ಅದು ನನ್ನ ಮೊದಲ ತಪ್ಪು. ಹುಳುಗಳಿಗೆ ಭೇದಿ ಹತ್ತಿ, ಪೆಟ್ಟಿಗೆಯ ಬಾಯಿಯೆಲ್ಲ ಕಂದು ಚುಕ್ಕೆಯಾಗಿ, ಐದು ಕುಟುಂಬ ಹೋದವು. ಈ ಮನೆಯಲ್ಲಿ ಮಾತ್ರ ಸೊಸೆ, "ನಾವು ಬೆಲ್ಲದ ಚಹಾ ಕುಡಿಯೂಣ್ರಿ ಅತ್ತಿ, ಸಕ್ಕರಿ ಹುಳಕ್ಕ ಇರಲಿ" ಎಂದು ಕೇಳಿಕೊಂಡು, ಅತ್ತೆಯೂ ಒಪ್ಪಿ, ಕಾರ್ಡಿನ ಸಕ್ಕರೆ ಪೆಟ್ಟಿಗೆಗೆ ಹೋಯಿತು. ದಿನಾ ಸಂಜೆ ತೆಂಗಿನ ಚಿಪ್ಪಿನಲ್ಲಿ ಪಾಕ ಹಾಕಿ, ಹುಳು ಮುಳುಗದಂತೆ ಅದರಲ್ಲಿ ಹುಲ್ಲಿನ ಕಡ್ಡಿಗಳನ್ನು ತೇಲಿಬಿಡುತ್ತಿದ್ದಳು. ಭಾದ್ರಪದದ ಹೊತ್ತಿಗೆ ಆ ಪೆಟ್ಟಿಗೆಯಲ್ಲಿ ಏಳು ಚೌಕಟ್ಟಿನ ತುಂಬ ಹುಳು. ನಾನು ಸಂಘದಲ್ಲಿ ಹೇಳಿಕೊಂಡದ್ದು, "ನಾನು ಬೆಳೆಸಿದ ಕುಟುಂಬ" ಎಂದು.

ಆಶ್ವೀಜ ಬಂತು, ಹೊಲಗಳಲ್ಲಿ ಗುರೆಳ್ಳು ಹಳದಿಯಾಯಿತು. ದೀಪಾವಳಿಯೊಳಗೆ ಹೊಸ ಮನೆಗಳು ಪೆಟ್ಟಿಗೆ ತೆಗೆದುಕೊಳ್ಳದಿದ್ದರೆ ಈ ಕೆಲಸ ನಿಲ್ಲಿಸುತ್ತೇವೆ ಎಂದು ಸಂಘದ ಹಿರಿಯರು ಹೇಳಿಬಿಟ್ಟಿದ್ದರು. ನಾನು ಕಣಗಲಾದ ಕಡೆಯ ಹತ್ತು ಮನೆಯವರನ್ನು ಕರೆದು, ಈ ಪೆಟ್ಟಿಗೆಯನ್ನು ಎಲ್ಲರೆದುರು ಬಿಚ್ಚಿ ತೋರಿಸಿ, ಮೇಲೆ ಜೇನಿನ ಕೋಣೆ ಏರಿಸುವುದೆಂದು ದಿನ ಗೊತ್ತುಮಾಡಿದೆ. ಆ ದಿನ ಬೆಳಿಗ್ಗೆಯಿಂದಲೇ ಮೋಡ.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ಇವತ್ತ ಮೋಡ ಮುಚ್ಚೇತ್ರಿ ಮಾಸ್ತರ. ಹುಳ ಎಲ್ಲಾ ಒಳಗ ಅದಾವು, ಸಿಟ್ಟಾಗತಾವು. ನಾಳಿ ತೆಗೀರಿ."

"ಮಂದಿ ಬಂದು ಕುಂತಾರ, ನಾಳಿ ಅನ್ನಾಕ ಬರತೈತೇನು ತಂಗಿ?" ಎಂದು ನಕ್ಕೆ. ಜನರೂ ನಕ್ಕರು. ಅವಳು ಒಳಗೆ ಹೋದಳು.

ಪೆಟ್ಟಿಗೆ ತೆರೆಯುವ ಮೊದಲು ಹೊಗೆ ಕೊಡಬೇಕು. ಅದಕ್ಕೆ ಹೊಗೆತಿದಿ ಎಂಬ ತಗಡಿನ ಡಬ್ಬಿ ಇರುತ್ತದೆ, ಹಿಂದೆ ಚರ್ಮದ ತಿದಿ, ಮುಂದೆ ಮೂತಿ. ಒಳಗೆ ಸಗಣಿಯ ಕುಳ್ಳು ಹಾಕಿ ಕೆಂಡ ಮಾಡಿಕೊಂಡು ಮೆಲ್ಲಗೆ ಒತ್ತಿದರೆ ಹೊಗೆ ಬರುತ್ತದೆ, ಹುಳು ತಣ್ಣಗಾಗುತ್ತವೆ. ಅಂದು ಕುಳ್ಳುಗಳೆಲ್ಲ ಮಳೆಗೆ ಹಸಿಯಾಗಿದ್ದವು. ಎರಡು ಸಲ ಹಚ್ಚಿದೆ, ಎರಡು ಸಲವೂ ಆರಿತು. ಯಾರೋ ಕೆಮ್ಮಿದರು, ಯಾರೋ "ಮಾಸ್ತರ ಒಲಿ ಹತ್ತವಲ್ದು" ಎಂದು ಚೇಷ್ಟೆ ಮಾಡಿದರು. ದನದ ಕೊಟ್ಟಿಗೆಯ ಸೂರಿನಡಿ ಹಿಂದಿನ ಬೆಳೆಯ ತಂಬಾಕಿನ ದಂಟುಗಳನ್ನು ಒಲೆಗೆಂದು ಒಟ್ಟಿದ್ದರು, ಕಟಕಟ ಮುರಿಯುವಷ್ಟು ಒಣಗಿದ್ದವು. ನಾನೇ ಹೋಗಿ ಒಂದು ಹಿಡಿ ಮುರಿದು ತಂದು ತುರುಕಿದೆ.

ತರಬೇತಿಯಲ್ಲಿ ಗುರುಗಳು ಹೊಗೆತಿದಿಯನ್ನು ಕೈಗೆ ಕೊಡುವಾಗಲೇ ಹೇಳಿದ್ದರು: ಕುಳ್ಳು ಸುಡಿ, ನಾರು ಸುಡಿ, ಹಳೆಯ ಗೋಣಿತಟ್ಟು ಸುಡಿ, ತಂಬಾಕು ಮಾತ್ರ ಬೇಡ. ಆ ಮಾತು ನನಗೆ ಮರೆತಿರಲಿಲ್ಲ. ದಂಟು ಮುರಿಯುವಾಗಲೇ ನೆನಪಾಯಿತು. ಎಲೆಯಲ್ಲ, ಬರೀ ದಂಟು, ಒಂದು ಹಿಡಿಗೆ ಏನಾದೀತು ಎಂದುಕೊಂಡೆ.

ಹೊಗೆ ಚೆನ್ನಾಗಿ ಬಂತು. ಹುಳುಗಳೂ ಬೇಗನೆ ಸುಮ್ಮನಾದವು. ಅಷ್ಟು ಬೇಗ ಸುಮ್ಮನಾದದ್ದನ್ನು ನೋಡಿ ನಾನು ಹೆದರಬೇಕಾಗಿತ್ತು, ಹೆಮ್ಮೆಪಟ್ಟೆ. ಒಂದು ಚೌಕಟ್ಟು ಎತ್ತಿ ಎಲ್ಲರಿಗೂ ತೋರಿಸಿದೆ. ಅಷ್ಟರಲ್ಲಿ ಹಿರಿಯರೊಬ್ಬರ ಕಿವಿಗೆ ಒಂದು ಹುಳು ಕಚ್ಚಿ, ಅವರು ರುಮಾಲು ಬೀಸಿ, ಇನ್ನೂ ಹತ್ತು ಹುಳು ಎದ್ದವು. ನಾನು ಗಡಿಬಿಡಿಯಲ್ಲಿ ತಿದಿಯನ್ನು ಒತ್ತಿದ್ದೇ ಒತ್ತಿದ್ದು. ಪೆಟ್ಟಿಗೆಯ ಬಾಯಿಂದ ಒಳಗೂ ಊದಿ, ಮುಚ್ಚಳ ಹಾಕಿ, ಹೊರಗೆ ಬರದಿರಲಿ ಎಂದು ಬಾಯಿಗೆ ಹುಲ್ಲು ತುಂಬಿದೆ. "ಸ್ವಲ್ಪ ತಣ್ಣಗಾಗಲಿ" ಎಂದು ಎಲ್ಲರನ್ನೂ ಪಡಸಾಲೆಗೆ ಕರೆದುಕೊಂಡು ಹೋದೆ. ಚಹಾ ಬಂತು. ಜೇನುಹುಳುವಿನ ಶಿಸ್ತಿನ ಮೇಲೆ ಅರ್ಧ ತಾಸು ಭಾಷಣ ಬಿಗಿದೆ.

ತಿರುಗಿ ಬಂದು ಮುಚ್ಚಳ ತೆಗೆದಾಗ ಸಪ್ಪಳವಿರಲಿಲ್ಲ. ಎರಿಗಳ ಮೇಲೆ ಅಲ್ಲೊಂದು ಇಲ್ಲೊಂದು ಹುಳು ತೂರಾಡುತ್ತಿತ್ತು. ಮಿಕ್ಕವು ಅಡಿಹಲಗೆಯ ಮೇಲೆ ರಾಶಿ ಬಿದ್ದಿದ್ದವು, ಕಣದಲ್ಲಿ ತೂರಿದ ಕಾಳಿನ ಹಾಗೆ. ಬೆರಳಿನಿಂದ ಸರಿಸುತ್ತ ಹೋದೆ. ರಾಶಿಯ ಬುಡದಲ್ಲಿ ರಾಣಿ ಸಿಕ್ಕಿತು, ಕಾಲು ಮುದುರಿಕೊಂಡಿತ್ತು. ಏನಾಯಿತು, ಯಾಕಾಯಿತು ಎನ್ನುವುದು ಆ ಕ್ಷಣಕ್ಕೇ ನನಗೆ ಗೊತ್ತಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಎಷ್ಟೋ ದಿನ ಗೊತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ತಿರುಗಿದೆ.

ಅತ್ತೆ ನನ್ನನ್ನು ಹಿತ್ತಲ ಬಾಗಿಲ ಕಡೆಗೆ ಕರೆದು, ದನಿ ತಗ್ಗಿಸಿ ಕೇಳಿದರು.

"ಮಾಸ್ತರ, ಒಂದ ಮಾತ ಕೇಳತೇನಿ. ನಮ್ಮ ಸೊಸಿ ನಿನ್ನಿಯಿಂದ ಹೊರಗಾಗ್ಯಾಳ. ನಮ್ಮ ಮನ್ಯಾಗ ಅದನ್ನ ಹಿಡಿಯೂದಿಲ್ರಿ, ಕೊರಳಾಗ ಲಿಂಗ ಇದ್ದಾವರಿಗೆ ಆ ಸೂತಕ ಇಲ್ಲ. ಆದ್ರ ನಿನ್ನಿ ಸಂಜಿಕ ಬಟ್ಟಲಕ್ಕ ನೀರ ಹಾಕಾಕ ಪೆಟಗಿ ಹತ್ರ ಅಕಿನ ಹೋಗಿದ್ಲು. ಜೇನ ಭಾಳ ಸ್ವಚ್ಛ ಹುಳ, ವಾಸನಿ ಆಗೂದಿಲ್ಲ ಅಂತ ನೀವ ಹೇಳಿದ್ರಿ. ಅದಕ್ಕ ಹಿಂಗಾತೇನ್ರಿ?"

ಹೌದು, ಆ ಮಾತು ನಾನೇ ಹೇಳಿದ್ದೆ. ಬೆವರು, ಉಳ್ಳಾಗಡ್ಡಿ, ತಲೆಯೆಣ್ಣೆಯ ವಾಸನೆ ಇಟ್ಟುಕೊಂಡು ಪೆಟ್ಟಿಗೆ ಬಿಚ್ಚಬೇಡಿ, ಹುಳು ಕೆರಳುತ್ತವೆ ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದೆ. ಕೆರಳುವುದು ಬೇರೆ, ರಾಶಿ ಬಿದ್ದು ಸಾಯುವುದು ಬೇರೆ. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹಿಂದೆ ಹತ್ತು ಮನೆಯವರು ನಿಂತಿದ್ದರು. ಮುಂದೆ ದೀಪಾವಳಿ ಇತ್ತು.

"ಇರಬೌದ್ರಿ" ಎಂದೆ.

ಅಷ್ಟೇ ಹೇಳಿದ್ದು. ಉಳಿದದ್ದನ್ನೆಲ್ಲ ಊರೇ ಹೇಳಿಕೊಂಡಿತು.

ಅಳಿದುಳಿದ ಹುಳುಗಳು ನಾಲ್ಕನೆಯ ದಿನ ಗೂಡು ಬಿಟ್ಟು ಹೋದವು. ಖಾಲಿ ಎರಿಗಳಲ್ಲಿ ಮೇಣದ ಹುಳು ಬಿದ್ದು ಬಲೆ ಕಟ್ಟಿತು. ನನ್ನ ಕೆಲಸಕ್ಕೆ ಮಾತ್ರ ಏನೂ ಆಗಲಿಲ್ಲ. ತಪ್ಪು ಪೆಟ್ಟಿಗೆಯದಲ್ಲ, ಮಾಸ್ತರನದಲ್ಲ, ಆ ಮನೆಯದು ಎಂದಾದ ಮೇಲೆ ಜನರಿಗೆ ಧೈರ್ಯ ಬಂತು. "ನಮ್ಮ ಮನ್ಯಾಗ ನಾವು ಸರಿಯಾಗಿ ನೋಡಕೋತೇವ್ರಿ, ಹೊರಗಾದಾವರನ್ನ ಹಿತ್ತಲಕ್ಕ ಬಿಡೂದಿಲ್ಲ" ಎಂದು ಅದೇ ಊರಿನ ನಾಲ್ಕು ಮನೆಯವರು ಪೆಟ್ಟಿಗೆ ತೆಗೆದುಕೊಂಡರು. ನಾನು ಆ ಮಾತು ಕೇಳಿಸಿಕೊಂಡೇ ಪೆಟ್ಟಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು ಜೋಡಿಸಿದೆ. ಇಲ್ಲದ ಒಂದು ಸೂತಕವನ್ನು ನಾನೇ ನಾಲ್ಕು ಮನೆಗಳಿಗೆ ಹಂಚಿದಂತಾಯಿತು. ಸಂಘದ ಹಿರಿಯರು ಬೆನ್ನು ತಟ್ಟಿದರು.

ಸೊಸೆಯ ಸುದ್ದಿ ನನಗೆ ತಿಳಿದದ್ದು ಪುಷ್ಯದಲ್ಲಿ, ಹುಕ್ಕೇರಿಯ ಸಂತೆಯಲ್ಲಿ ಅವಳ ಗಂಡ ಸಿಕ್ಕಾಗ. ದೀಪಾವಳಿಗೆಂದು ಅವಳನ್ನು ಅಂಕಲಗಿಗೆ ಕಳಿಸಿದ್ದರು. ತವರಿಗೆ ಹೋದ ಮಗಳನ್ನು ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುವುದು ರೂಢಿ. ಈ ಸಲ ಕರೆಯಲು ಯಾರೂ ಹೋಗಿರ‍ಲಿಲ್ಲ.

"ಆ ತಿಂಗಳದಾಗ ನಮ್ಮ ಹೈನದ ಎಮ್ಮೀನೂ ಸತ್ತ ಹೋತ್ರಿ" ಎಂದ ಅವನು ನೆಲ ನೋಡುತ್ತ. "ಮದಲ ಹುಳ, ಆಮ್ಯಾಲ ಎಮ್ಮಿ. ಕಾಲ್ಗುಣ ಅಂತ ಮಂದಿ ಅವ್ವನ ಕಿವಿ ತುಂಬ್ಯಾರ. ಅವ್ವ ಈಗ ಬ್ಯಾರೆ ಕನ್ಯಾ ನೋಡಾಕತ್ತಾಳ್ರಿ."

"ನೀ ಏನಂದಿ?" ಎಂದೆ.

"ನಾ ಏನ ಅನ್ನಲ್ರಿ ಮಾಸ್ತರ. ನೀವ ಅಂದ ಮ್ಯಾಲ."

ಆ ಸಂಜೆ ಗೋಕಾಕಕ್ಕೆ ಹೇಗೆ ಬಂದೆನೋ ಗೊತ್ತಿಲ್ಲ. ಆದರೂ ಎಂಟು ದಿನ ಸುಮ್ಮನಿದ್ದೆ. ಒಂದು ಕಾಗದ ಬರೆದು ಹರಿದೆ. ಅವರವರ ಮನೆಯ ಮಾತು, ನಡುವೆ ಹೋಗಬಾರದು ಎಂದು ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ಎಷ್ಟು ಮರ್ಯಾದೆಯ ಹೆಸರುಗಳು ಸಿಗುತ್ತವೆ ಎನ್ನುವುದು ಆ ಎಂಟು ದಿನಗಳಲ್ಲಿ ಕಲಿತೆ.

ಹೊಗೆತಿದಿಯ ಚರ್ಮ ಹರಿದಿತ್ತು. ಗೋಕಾಕದ ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಮುಸಲ್ಮಾನ ಮುದುಕರೊಬ್ಬರಿದ್ದರು, ಊರಿಗೆಲ್ಲ ಚಾಚಾ. ಅದನ್ನು ಮಾಡಿಕೊಟ್ಟವರೂ ಅವರೇ. ರಿಪೇರಿಗೆ ಒಯ್ದೆ. ಅವರು ಡಬ್ಬಿಯೊಳಗೆ ಬೆರಳು ಹಾಕಿ, ಅಂಟಿದ ಕಪ್ಪು ಕಿಟ್ಟವನ್ನು ಮೂಸಿ ನನ್ನ ಮುಖ ನೋಡಿದರು.

"ಅರೇ ಮಾಸ್ತರ, ಹುಳಕ್ಕ ಹುಕ್ಕಾ ಸೇದಿಸೀರೇನು?"

"ಒಮ್ಮೆ, ಚಾಚಾ. ಬರೀ ದಂಟು."

"ನಾ ನಲವತ್ತ ವರ್ಷದಿಂದ ಬೀಡಿ ಸೇದಾಂವ. ಇಷ್ಟ ದೊಡ್ಡ ಮೈಗೆ ಇಂಥಾ ಕೆಮ್ಮ. ಆ ಸಣ್ಣ ಜೀವಕ್ಕ ಏನಾಗಿರಬೇಕು?" ಎಂದು ಕೆಮ್ಮಿ, ಕೇಳಿದರು, "ಸತ್ತೂ?"

ಹೂಂ ಎಂದೆ. ಯಾಕೋ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿದೆ. ಇರಬೌದು ಎಂದದ್ದನ್ನೂ, ಅಂಕಲಗಿಯನ್ನೂ. ಅವರು ಸುತ್ತಿಗೆ ಕೆಳಗಿಟ್ಟರು. ಆಮೇಲೆ ಹೊಗೆತಿದಿಯನ್ನು ತಮ್ಮ ಹಿಂದಿನ ಗೂಟಕ್ಕೆ ಸಿಕ್ಕಿಸಿದರು.

"ಇದು ಇಲ್ಲೇ ಇರಲಿ. ಹೇಳಿ ಬರ್ರಿ, ಆಮ್ಯಾಲ ಒಯ್ಯಿರಿ."

"ಚಾಚಾ, ನನಗ ಕೆಲಸಕ್ಕ ಬೇಕು."

"ಇದನ್ನ ಮಾಡಿದ ಕೈ ನಂದು. ಸುಳ್ಳ ಹೇಳಾವರಿಗೆ ಕೊಡೂದಿಲ್ಲ" ಎಂದು ಬೇರೆ ಗಿರಾಕಿಯ ಕಡೆ ತಿರುಗಿದರು. ಪೇಟೆಯ ನಡುವೆ ಮುಖಕ್ಕೆ ಹೊಡೆದ ಹಾಗಾಯಿತು. ಮರುದಿನ ಬೆಳಿಗ್ಗೆ ಕಣಗಲಾದ ದಾರಿ ಹಿಡಿದೆ.

ಸಂಕ್ರಾಂತಿಯ ಎರಡನೆಯ ದಿನ. ಪಡಸಾಲೆಯಲ್ಲಿ ಕೂತು, ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಅತ್ತೆಯ ಮುಂದೆ ಒಪ್ಪಿಸಿದೆ. ತಪ್ಪು ನನ್ನದು, ಹುಳು ಸತ್ತದ್ದು ತಂಬಾಕಿನ ಹೊಗೆಗೆ, ಸೊಸೆಯದು ಏನೂ ಇಲ್ಲ. ಅವರು ಕೊನೆಯವರೆಗೂ ಕೇಳಿದರು. ಕೇಳಿ, ಕಣ್ಣಂಚು ಒರೆಸಿಕೊಂಡರು.

"ಎಂಥಾ ದೊಡ್ಡ ಮನಸ್ರೀ ನಿಮ್ದು. ಒಂದ ಹುಡುಗಿ ಬಾಳೇ ಉಳೀಲಿ ಅಂತ ಅಕಿ ತಪ್ಪನ್ನ ನಿಮ್ಮ ಮ್ಯಾಲ ಹಾಕ್ಕೋಳಾಕತ್ತೀರಿ. ತಂಬಾಕದಾಗ ಹುಟ್ಟಿ ತಂಬಾಕದಾಗ ಬೆಳದಾವ್ರು ನಾವು, ದಿನಾ ಒಲ್ಯಾಗ ಆ ದಂಟ ಸುಡತೇವಿ. ಯಾರ ಸತ್ತಾರ್ರಿ?"

"ಅಲ್ಲ, ಖರೆ, ನಂದೇ ತಪ್ಪು" ಎಂದು ನಾನು ಅಂದಷ್ಟೂ ನನ್ನ ಸಜ್ಜನಿಕೆ ಏರುತ್ತ ಹೋಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಮೇಲೆ ಬೆಣ್ಣೆ ಬಡಿಸಿದರು. ಒಲ್ಲೆ ಎನ್ನಲಾಗದೆ ಉಂಡೆ. ಸುಳ್ಳು ಹೇಳಿದ ದಿನ ಬರೀ ಚಹಾ ಸಿಕ್ಕಿತ್ತು, ನಿಜ ಹೇಳಿದ ದಿನ ಹಬ್ಬದೂಟ. ಅಷ್ಟು ನಾಚಿಕೆಯ ಊಟವನ್ನು ನಾನು ಮತ್ತೆಂದೂ ಉಂಡಿಲ್ಲ.

ಬಾಯಿಮಾತಿಗೆ ಬೆಲೆ ಇಲ್ಲವಾದರೆ ಕಣ್ಣಿಗೆ ತೋರಿಸಬೇಕು. ಚಾಚಾ ಅವರಿಗೆ ನಡೆದದ್ದನ್ನು ಹೇಳಿದೆ. ಅವರು ತಿದಿಯನ್ನು ಉಪ್ಪುಕಾಗದ ಹಚ್ಚಿ ತಿಕ್ಕಿ, ಹೊಸ ಚರ್ಮ ಹಾಕಿ ಕೊಟ್ಟರು. ಕಂದೀಲಿನ ಎರಡು ಗಾಜಿನ ಬುರುಡೆಗಳನ್ನೂ ಕೊಟ್ಟು, "ಒಡೀಬ್ಯಾಡ್ರಿ" ಎಂದರು. ಸಂಘದ ಅಂಗಳದ ನನ್ನ ಪೆಟ್ಟಿಗೆಯಿಂದ ಐವತ್ತು ಅರವತ್ತು ಹುಳುಗಳನ್ನು ಒಂದು ಎರಿಯ ತುಂಡಿನ ಸಮೇತ ತೂತಿನ ಡಬ್ಬಿಯಲ್ಲಿ ಹಾಕಿಕೊಂಡು ಮತ್ತೆ ಹೋದೆ. ಈ ಸಲ ಆ ನಾಲ್ಕು ಮನೆಯವರನ್ನು ಕರೆಯುವ ಧೈರ್ಯವಾಗಲಿಲ್ಲ. ಅತ್ತೆ, ಮಗ, ನೆರೆಮನೆಯ ಇಬ್ಬರು ಹಿರಿಯರು, ಇಷ್ಟೇ ಜನ.

ಬುರುಡೆಗಳ ಒಂದು ಬಾಯಿಗೆ ತೆಳುಬಟ್ಟೆ ಕಟ್ಟಿ, ಒಂದೊಂದರಲ್ಲಿ ಇಪ್ಪತ್ತಿಪ್ಪತ್ತು ಹುಳು ಬಿಟ್ಟು, ಇನ್ನೊಂದು ಬಾಯಿಗೂ ಬಟ್ಟೆ ಕಟ್ಟಿದೆ. ಮೊದಲು ಒಣಕುಳ್ಳಿನ ಹೊಗೆ. ಒಂದನೆಯ ಬುರುಡೆಗೆ ಐದು ಸಲ ಒತ್ತಿ, ಎರಡೂ ಬಾಯಿಗೆ ಒದ್ದೆ ಅರಿವೆ ಸುತ್ತಿದೆ. ಡಬ್ಬಿ ಬರಿದು ಮಾಡಿ, ಒರೆಸಿ, ಅದೇ ಕೊಟ್ಟಿಗೆಯ ಸೂರಿನಿಂದ ಅದೇ ದಂಟು ಮುರಿದು ತಂದೆ. ಎರಡನೆಯ ಬುರುಡೆಗೂ ಐದೇ ಸಲ ಒತ್ತಿ ಅರಿವೆ ಸುತ್ತಿದೆ.

"ಚಹಾ ಕುಡಿಯೂಷ್ಟು ಹೊತ್ತ ಬಿಡೂಣ್ರಿ" ಎಂದೆ. ಯಾರೂ ಚಹಾ ಮಾಡಲಿಲ್ಲ.

ಅರಿವೆ ಬಿಚ್ಚಿದಾಗ ಮೊದಲನೆಯ ಬುರುಡೆಯಲ್ಲಿ ಹುಳುಗಳು ಗುಂಯ್‌ಗುಡುತ್ತಿದ್ದವು. ಬಾಯಿ ತೆರೆದೆ, ಒಂದೊಂದೇ ಹಾರಿ ಬೇವಿನ ಗಿಡದ ಕಡೆಗೆ ಹೋದವು. ಎರಡನೆಯದನ್ನು ಅತ್ತೆಯ ಕೈಗೇ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ಅಲ್ಲಾಡಿಸಿದರು. ಹುಳುಗಳು ಗಾಜಿನೊಳಗೆ ಕಾಳಿನ ಸಪ್ಪಳ ಮಾಡಿದವು. ಆ ಇಪ್ಪತ್ತನ್ನೂ ನಾನೇ ಕೊಂದೆ, ಬೇಕೆಂದೇ ಕೊಂದೆ.

ಬುರುಡೆಯನ್ನು ನೆಲದ ಮೇಲಿಟ್ಟು ಅವರು ಕೇಳಿದರು. "ಒಲಿ ಹೊಗಿ ಬಯಲಿಗೆ ಹೋಗತೈತಿ, ಇದು ಒಳಗ ಉಳೀತು. ಅದು ತಿಳೀತು. ಅವತ್ತ ನಾ ಕೇಳಿದಾಗ ಯಾಕ ಇರಬೌದು ಅಂದ್ರಿ?"

"ಅಂಜಿದ್ನಿ ಅವ್ವಾರ. ನನ್ನ ತಪ್ಪು ಅಂದ್ರ ಪೆಟಗಿ ಯಾರೂ ತಗೋಳೂದಿಲ್ಲ ಅಂತ ಅಂಜಿದ್ನಿ."

"ನಿಮ್ಮ ಪೆಟಗಿ ಉಳಸಾಕ ನನ್ನ ಕೈಲೆ ಪಾಪ ಮಾಡಿಸಿದ್ರಿ." ಅವರ ದನಿ ಏರಲಿಲ್ಲ. "ನನ್ನದೂ ತಪ್ಪೈತಿ. ಕೊರಳಾಗ ಲಿಂಗ ಕಟಗೊಂಡು ಅಂಥಾ ಮಾತ ನಾ ಬಾಯಾಗ ತರಬಾರದಿತ್ತು. ಈಗ ಇಲ್ಲಿ ಹೇಳಿದ್ದು ಸಾಲೂದಿಲ್ಲ ಮಾಸ್ತರ. ನಾಳಿ ಅಂಕಲಗಿಗೆ ನಡೀರಿ. ಅಕಿ ಅವ್ವ ಅಪ್ಪನ ಮುಂದ ಹೇಳ್ರಿ."

ಪೆಟ್ರೋಲು ಸಿಗದ ಕಾಲ, ಮರುದಿನ ಅತ್ತೆ ಮತ್ತು ನಾನು ಇದ್ದಲಿನ ಗ್ಯಾಸಿನ ಮೇಲೆ ಓಡುವ ಮೋಟಾರು ಬಸ್ಸಿನಲ್ಲಿ ಹೊರಟೆವು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ನಾನೂ ತಳ್ಳಿದೆ.

ಅಂಕಲಗಿಯಲ್ಲಿ ಸೊಸೆಯ ತಂದೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅತ್ತೆಯನ್ನು ಕಂಡು ಎದ್ದರು. ನನ್ನನ್ನು ಯಾರೂ ಕೂಡಿ ಎನ್ನಲಿಲ್ಲ, ಅದೂ ಸರಿಯೇ. ನಿಂತುಕೊಂಡೇ ಹೇಳಿದೆ. ಮತ್ತೊಮ್ಮೆ ಹೇಳುವಾಗ ಸುಲಭವಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಆ ತಂದೆ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. "ಮೂರ ತಿಂಗಳಾತ್ರಿ" ಎಂದರು, ಅಷ್ಟೇ.

ಸೊಸೆ ಚರಗಿಯಲ್ಲಿ ನೀರು ತಂದು ಅತ್ತೆಗೆ ಕೊಟ್ಟಳು, ನನಗೂ ಕೊಟ್ಟಳು. ಸೊರಗಿದ್ದಳು. "ತಪ್ಪಾತು ತಂಗಿ" ಎಂದೆ. ಅವಳು, "ಊರಾಗ ಆ ನಾಕ ಮನ್ಯಾಗೂ ಹೇಳಿ ಬಂದ್ರೇನ್ರಿ? ಅಲ್ಲಿ ಹೆಣ್ಣಮಕ್ಕಳನ್ನ ಪೆಟಗಿ ಹತ್ರ ಬಿಡವಲ್ರು" ಎಂದು ಕೇಳಿದಳು.

"ಇಲ್ಲ."

"ಅಲ್ಲೂ ಹೇಳ್ರಿ" ಎಂದು, ಅತ್ತೆಯ ಜೊತೆ ಹೊರಡಲು ಅರಿವೆಯ ಗಂಟು ಕಟ್ಟಿಕೊಳ್ಳಲೆಂದು ಒಳಗೆ ಹೋದಳು.

ಗಂಟು ಹಿಡಿದು ಹೊರಗೆ ಬಂದಾಗ ಅತ್ತೆ ಅವಳ ಕೈ ಹಿಡಿದುಕೊಂಡು, "ಮಾಸ್ತರ ಅವತ್ತ ತಂಬಾಕ ಸುಟ್ಟಿದ್ದು ನಮಗ್ಯಾರಿಗೂ ತಿಳೀಲಿಲ್ಲ ಯವ್ವಾ" ಎಂದರು.

"ನನಗ ತಿಳದಿತ್ರಿ" ಎಂದಳು ಸೊಸೆ. "ಹೊಗಿ ಅಡಗಿ ಮನಿತನಕ ಬಂದಿತ್ತು. ದಿನಾ ಬೆಳಗಾದ್ರ ಅದೇ ದಂಟಲೇ ಒಲಿ ಹಚ್ಚಾಕಿ ನಾನು. ಆ ವಾಸನಿ ನನಗ ಗೊತ್ತಾಗೂದಿಲ್ಲೇನ್ರಿ?"

ಅತ್ತೆ ಅವಳ ಮುಖವನ್ನೇ ನೋಡಿದರು. "ಮತ್ತ ಯಾಕ ಬಾಯಿ ಬಿಡಲಿಲ್ಲ ನೀ?"

"ನನ್ನ ಯಾರ ಕೇಳಿದ್ರಿ ಅತ್ತಿ? ನೀವು ಮಾಸ್ತರನ್ನ ಕೇಳಿದ್ರಿ. ಬಾಗಲ ಹಿಂದ ನಿಂತು, ಇಲ್ಲ ಅಂತಾರ ಅಂತ ನಾನೂ ಅವರ ಬಾಯೇ ನೋಡಿದೆ."

ನನ್ನ ಕೈಯಲ್ಲಿ ಅವಳು ಕೊಟ್ಟ ನೀರು ಇನ್ನೂ ಹಾಗೇ ಇತ್ತು. ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.